ಕಾಲೆತ್ತಿದ ಬಾತುಕೋಳಿ

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಕವಾಯತು ನಡೆಯುತ್ತದೆ. ನಾನು ಹಿಡಿಸೂಡಿ ಹಿಡಿದು ಚಾವಡಿ ಗುಡಿಸುತ್ತಾ ಮಾವನ ಕುರ್ಚಿಯ ಹತ್ತಿರ ಬರುತ್ತೇನೆ. ಮಾವ ಪೇಪರು ಓದುತ್ತಿರುತ್ತಾರೆ. ಪೇಪರು ಇಳಿಯುವುದಿಲ್ಲ, ಮುಖ ಕಾಣುವುದಿಲ್ಲ. ಎರಡು ಕಾಲುಗಳು ಮಾತ್ರ ಒಟ್ಟಿಗೆ ಮೇಲೇಳುತ್ತವೆ. ನಾನು ಅಡಿಯಿಂದ ಗುಡಿಸಿ ಮುಂದೆ ಹೋಗುತ್ತೇನೆ. ಕಾಲುಗಳು ಇಳಿಯುತ್ತವೆ. (ಮಾವ ಹೈಸ್ಕೂಲು ಮಾಸ್ಟ್ರಾಗಿ ನಿವೃತ್ತರಾದವರು. ಶಿಸ್ತು ಕಾಲಿಗೂ ಇಳಿದಿದೆ.)

ಈ ಕಾಲುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಳೆದ ಶನಿವಾರವೂ ಎಲ್ಲ ಹೀಗೇ ನಡೆಯಿತು. ಒಂದೇ ವ್ಯತ್ಯಾಸ. ನಾಲ್ಕನೇ ಕ್ಲಾಸಿನ ನನ್ನ ಮಗಳು ವೀಣಾ ಅಜ್ಜನಿಗೆ ಬೆನ್ನು ಹಾಕಿ ಕುಳಿತು ದೋಸೆ ತಿನ್ನುತ್ತಿದ್ದಳು. ಗುರುವಾರದಿಂದ ಅಜ್ಜನೊಡನೆ ಅವಳಿಗೆ ಮಾತಿಲ್ಲ.

ಕಾರಣ? ಒಂದು ಬಾತುಕೋಳಿ!

ವಿಷಯ ಹೀಗೆ. ಕಾಪುವಿನಲ್ಲಿ ನಮ್ಮ ಕಂಪೌಂಡ್ ಗೋಡೆಯ ಆಚೆ ಜುಲೇಖಳ ಮನೆ. ಅವಳ ಗಂಡ ಹಮೀದ್ ಬಹರೈನಿನಿಂದ ರಜೆಗೆ ಬರುವಾಗ ವಿ.ಸಿ.ಆರ್. ತಂದಿದ್ದಾರೆ. ಹೆಜಮಾಡಿಯ ಅವರ ಭಾವ ಒಂದು ಕಾರ್ಟೂನ್ ಕ್ಯಾಸೆಟ್ ಕೊಟ್ಟಿದ್ದಾರೆ. ಅಂದ ಮೇಲೆ ಕೇರಿಯ ಮಕ್ಕಳು ತಮ್ಮ ಮನೆಯಲ್ಲಿ ಇರುವುದುಂಟಾ?

ಕ್ಯಾಸೆಟ್‌ನಲ್ಲಿ ಎರಡು ಕಂಪೆನಿಗಳ ಕಾರ್ಟೂನು. ಒಂದರಲ್ಲಿ ಬೆಕ್ಕು ಇಲಿಯನ್ನು ಅಟ್ಟಿಸುತ್ತದೆ. (ಮಕ್ಕಳು ಅವಕ್ಕೆ ತುಳುವಿನಲ್ಲೇ ನಾಮಕರಣ ಮಾಡಿದ್ದಾರೆ: ಪುಚ್ಚೆ, ಎಲಿ.) ಇನ್ನೊಂದರಲ್ಲಿ ಯಾವಾಗಲೂ ಕೊಡೆ ಹಿಡಿದು ತಿರುಗುವ ಒಂದು ಗಂಭೀರ ಬಾತುಕೋಳಿ. ಗುರುವಾರ ವೀಣಾ ಓಡಿ ಬಂದು ಹೇಳಿದ್ದೇನೆಂದರೆ, ಪುಚ್ಚೆ–ಎಲಿಯ ಕಾರ್ಟೂನಿನಲ್ಲಿ ರೈಲ್ವೇ ಸ್ಟೇಷನ್ ಬರುತ್ತದೆ, ಅಲ್ಲಿ ಬೆಂಚಿನ ಮೇಲೆ ಆ ಕೊಡೆಯ ಬಾತು ಕುಳಿತಿದೆ!

"ಅದರ ಆಟದಲ್ಲಿ ಇದು ಬಂತು ಅಜ್ಜ! ಕೊಡೆ ಸಮೇತ!"

ಮಾವನಿಗೆ ಕಾರ್ಟೂನು ಗೊತ್ತಿಲ್ಲ. ಯಕ್ಷಗಾನ ಗೊತ್ತು. "ಒಂದು ಮೇಳದ ವೇಷ ಇನ್ನೊಂದು ಮೇಳದ ರಂಗಸ್ಥಳಕ್ಕೆ ಬರುವುದುಂಟಾ ಮಗಾ?" ಎಂದರು.

"ಕೂಡಾಟದಲ್ಲಿ ಎರಡು ಮೇಳದವರೂ ಒಟ್ಟಿಗೆ ಕುಣಿಯುತ್ತಾರಲ್ಲ ಮಾವ?" ಎಂದೆ ನಾನು, ಮೆಲ್ಲಗೆ.

"ಕೂಡಾಟಕ್ಕೆ ಎರಡೂ ಮೇಳದ ಯಜಮಾನರು ಒಪ್ಪಬೇಕು. ಮೊದಲೇ ನೋಟೀಸು ಹಾಕಬೇಕು. ಸುಮ್ಮನೆ ನುಗ್ಗಲಿಕ್ಕೆ ಅದೆಂತ ಮಾವನ ಮನೆಯಾ?" ಎಂದವರು ಮೊಮ್ಮಗಳ ಕಡೆ ತಿರುಗಿ, "ಸರಿಯಾಗಿ ನೋಡದೆ ನೋಡಿದೆ ಅಂತ ಹೇಳಬಾರದು. ಅದಕ್ಕೆ ಸುಳ್ಳು ಅಂತಾರೆ" ಎಂದರು.

ಸುಳ್ಳು! ಅಜ್ಜನ ಬಾಯಿಂದ! ಮಗುವಿನ ಮುಖ ಬಾಡಿದ ಮಟ್ಟುಗುಳ್ಳ ಬದನೆಯಂತಾಯಿತು. ಕ್ಲಾಸಿನವರು ನಂಬದಿದ್ದರೆ ಅವಳಿಗೆ ಅಡ್ಡಿಯಿಲ್ಲ. ಆದರೆ ಅಜ್ಜ ಒಪ್ಪದ ಲೆಕ್ಕ ಅವಳ ಪಾಲಿಗೆ ಸರಿಯಾದ ಲೆಕ್ಕವೇ ಅಲ್ಲ.

ಶನಿವಾರ ಶಾಲೆಗೆ ಹೊರಟವಳು ಗೇಟಿನ ಹತ್ತಿರ ನಿಂತಳು. "ಅಮ್ಮ, ಕ್ಯಾಸೆಟ್ ಇವತ್ತು ಸಂಜೆ ಬಸ್ಸಿಗೆ ಹೆಜಮಾಡಿಗೆ ವಾಪಸ್ ಹೋಗ್ತದೆ. ಅದರ ಮೇಲೆ ಮದುವೆ ರೆಕಾರ್ಡ್ ಮಾಡ್ತಾರಂತೆ. ಮತ್ತೆ ನಾನು ಯಾವಾಗಲೂ ಸುಳ್ಳಿಯೇ ಅಲ್ವಾ?"

ಅಜ್ಜನನ್ನು ಕರೆದುಕೊಂಡು ಹೋಗಿ ತೋರಿಸು ಎನ್ನಬಹುದಿತ್ತು. ಆದರೆ ಮಾವ ಆ ಮನೆಗೆ ಹೋದವರಲ್ಲ. ನಾವು ನೆರೆಯವರಾಗಿ ವೀಣಾಳ ವಯಸ್ಸಿಗಿಂತ ಹೆಚ್ಚಾಯಿತು. ಗೋಡೆಯ ಮೇಲಿಂದ ಕರಿಬೇವು ಹೋಗುತ್ತದೆ, ಖರ್ಜೂರ ಬರುತ್ತದೆ, ಮಕ್ಕಳಂತೂ ಗೋಡೆ ಹಾರಿಯೇ ಹೋಗುತ್ತಾರೆ. ಮಾವ ಹೋದದ್ದಿಲ್ಲ. ಜಗಳವೇನಿಲ್ಲ. ಹೋಗುವ ಕ್ರಮ ಇರಲಿಲ್ಲ, ಅಷ್ಟೆ. ಜುಲೇಖಳ ಅತ್ತೆಯೂ (ನಾವೆಲ್ಲ ಉಮ್ಮ ಎನ್ನುವುದು) ಹಾಗೆಯೇ, ನಮ್ಮ ಮೆಟ್ಟಿಲು ಹತ್ತಿದವರಲ್ಲ.

ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ಚೀಲ ಇಳಿಸದೆಯೇ ಅಜ್ಜನ ಎದುರು ನಿಂತಳು.

"ಅಜ್ಜ, ನೋಡದೆ ಹೇಳಬಾರದು ಅಂತ ನೀವೇ ಹೇಳಿದ್ದಲ್ವಾ?"

"ಹೌದು."

"ಅಲ್ಲಿ ಬಾತು ಇಲ್ಲ ಅಂತ ನೀವು ನೋಡಿದ್ದೀರಾ?"

ನಾನು ಅಡುಗೆಮನೆಯಿಂದ ಇಣುಕಿದೆ. ಪೇಪರು ಇಳಿಯಿತು! ಮಾವ ಪೇಪರನ್ನು ಮಡಚಿಟ್ಟರು. ಎದ್ದು ಒಳಗೆ ಹೋದರು. ಬರುವಾಗ ಮದುವೆಮನೆಗೆ ಹಾಕುವ ಬಿಳಿ ಅಂಗಿ ತೊಟ್ಟಿದ್ದರು.

"ನಡಿ, ನೋಡುವ."

ಗುಳ್ಳ ಹೆಚ್ಚುತ್ತಿದ್ದ ಮೆಟ್ಟುಕತ್ತಿಯನ್ನು ಹಾಗೆಯೇ ಬಿಟ್ಟು ನಾನೂ ಹಿಂದೆ ಓಡಿದೆ. ಇಂಥದ್ದನ್ನು ಯಾರಾದರೂ ತಪ್ಪಿಸಿಕೊಳ್ಳುತ್ತಾರಾ?

ಮಾವ ಗೇಟಿನಿಂದಲೇ ಹೋದರು. ಮಾಸ್ಟ್ರು ಮೆಟ್ಟಿಲು ಹತ್ತುವುದನ್ನು ಕಂಡು ಹಮೀದ್ ಗಾಬರಿಯಿಂದ ಎದ್ದು ನಿಂತರು. ಜುಲೇಖ ನನ್ನ ಮುಖ ನೋಡಿದಳು. ನಾನು ವೀಣಾಳ ಕಡೆ ಕಣ್ಣು ತೋರಿಸಿದೆ. ಉಮ್ಮ ಮಾತ್ರ ಏನೂ ಆಗದವರಂತೆ, "ಬನ್ನಿ ಮಾಸ್ಟ್ರೇ, ಫ್ಯಾನಿನ ಅಡಿಯಲ್ಲಿ ಕೂತುಕೊಳ್ಳಿ" ಎಂದರು.

ಮಾವ ಕುಳಿತರು. ಕ್ಯಾಸೆಟ್ ಒಳಗೆ ಹೋಯಿತು. ಪುಚ್ಚೆ ಓಡಿತು, ಎಲಿ ಓಡಿತು... ಕರೆಂಟು ಹೋಯಿತು!

ವೀಣಾಳ ಕಣ್ಣಲ್ಲಿ ನೀರು. ಫ್ಯಾನು ನಿಂತಿತು. ಇನ್ನು ಮಾವ ಎದ್ದು ಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಉಮ್ಮ ಎಳನೀರಿನ ಬೊಂಡ ಕೆತ್ತಿಸಿ ತಂದರು. ಚಾ ಬೇಕಾ ಎಂದು ಅವರು ಕೇಳಲಿಲ್ಲ, ಬೇಡ ಎನ್ನುವ ಕಷ್ಟ ಮಾವನಿಗೆ ಬರಲಿಲ್ಲ. ಬೊಂಡ ಯಾರ ಮನೆಯದ್ದಾದರೇನು? ಮಾವ ಕುಡಿದರು. ಹಮೀದರೊಡನೆ ಬಹರೈನಿನ ಸೆಖೆಯ ವಿಷಯ ಮಾತಾಡಿದರು. ತಮ್ಮ ಕೂಡಾಟದ ನಿಯಮವನ್ನೂ, ನೋಟೀಸಿನ ವಿಚಾರವನ್ನೂ ಅವರಿಗೆ ವಿವರವಾಗಿ ಹೇಳಿದರು.

ಕರೆಂಟು ಬಂತು. ಮಕ್ಕಳು ಕಿರುಚಿದರು. ಪುಚ್ಚೆ–ಎಲಿ ರೈಲ್ವೇ ಸ್ಟೇಷನ್ನಿಗೆ ನುಗ್ಗಿದವು.

"ಈಗ! ಈಗ ಬರ್ತದೆ! ಅಯ್ಯೋ, ಹೋಯ್ತು! ಹಿಂದೆ ಹಾಕಿ ಮಾಮ, ಹಿಂದೆ!"

ಹಮೀದ್ ಹಿಂದೆ ಹಾಕಿದರು. ಪುಚ್ಚೆ ಹಿಂದುಹಿಂದಕ್ಕೆ ಓಡಿತು. ಮತ್ತೆ ಮುಂದೆ.

ಇತ್ತು! ಬೆಂಚಿನ ಮೇಲೆ, ಪಕ್ಕದಲ್ಲಿ ಕೊಡೆ ಒರಗಿಸಿಟ್ಟು, ಪೇಪರು ಓದುತ್ತಾ ಕುಳಿತಿತ್ತು ಬಾತುಕೋಳಿ. ಬೆಕ್ಕು, ಇಲಿ ದಡದಡ ಬಂದವು. ಪೇಪರು ಇಳಿಯಲಿಲ್ಲ, ಮುಖ ಕಾಣಲಿಲ್ಲ. ಎರಡು ಹಳದಿ ಕಾಲುಗಳು ಮಾತ್ರ ಒಟ್ಟಿಗೆ ಮೇಲೆದ್ದವು. ಪುಚ್ಚೆ, ಎಲಿ ಎರಡೂ ಅಡಿಯಿಂದ ನುಗ್ಗಿ ಹೋದವು. ಕಾಲುಗಳು ಇಳಿದವು.

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಏನು ಪ್ರಯೋಜನ?

"ಅಲ್ಲಾ! ಇದು ನಮ್ಮ ಮಾಸ್ಟ್ರಲ್ವಾ!" ಎಂದರು ಉಮ್ಮ. "ಬಾವಿಕಟ್ಟೆಯಿಂದ ನಾನು ದಿನಾ ಕಾಣುವುದಲ್ವಾ!"

ಮನೆಯ ಹಂಚು ಹಾರುವ ಹಾಗೆ ನಗು. ಜುಲೇಖ ಗೋಡೆ ಹಿಡಿದು ನಕ್ಕಳು. ನಗದೆ ಇದ್ದವಳು ವೀಣಾ ಒಬ್ಬಳೇ. ಅವಳು ಟಿ.ವಿ.ಯನ್ನು ನೋಡುತ್ತಲೇ ಇರಲಿಲ್ಲ. ಅಜ್ಜನ ಮುಖ ನೋಡುತ್ತಿದ್ದಳು.

"ಇನ್ನೊಮ್ಮೆ ಹಾಕು ಹಮೀದ್" ಎಂದರು ಮಾವ. ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಉಂಟು. ನಾನು ನೋಡಿದೆ. ನಮ್ಮ ಮಗು ಹೇಳಿದ್ದು ನಿಜ. ತಪ್ಪಿದ್ದು ನಾನು."

ವೀಣಾ ಅಜ್ಜನ ಬಿಳಿ ಅಂಗಿಗೆ ಮುಖ ಒತ್ತಿದಳು. ಇಸ್ತ್ರಿ ಹಾಳಾಯಿತು. ಆಗಲಿ.

"ಆದರೂ ನೋಟೀಸು ಹಾಕದೆ ಕೂಡಾಟ ಮಾಡಿದ್ದು ಸರಿಯಲ್ಲ" ಎಂದು ಸೇರಿಸಲು ಮಾವ ಮರೆಯಲಿಲ್ಲ.

ಯಾರು ಬರೆದದ್ದಿರಬಹುದು ಆ ಬಾತುವನ್ನು ಅಲ್ಲಿ? ಯಾವುದೋ ದೂರದ ಊರಿನಲ್ಲಿ ಕುಳಿತ ಚಿತ್ರಗಾರನಿಗೆ ಎದುರು ಕಂಪೆನಿಯ ಬಾತುವಿನ ಮೇಲೆ ಪ್ರೀತಿ ಉಕ್ಕಿರಬೇಕು. ಒಂದು ಬೆಂಚು ಬರೆದು, ಬಾ ಮಾರಾಯಾ, ಕೂತುಕೋ ಎಂದಿರಬೇಕು. ಬಾತು ಅಲ್ಲಿ ಏನೂ ಮಾಡುವುದಿಲ್ಲ. ಕಾಲೆತ್ತಿ ದಾರಿ ಬಿಡುತ್ತದೆ, ಅಷ್ಟೆ. ಅಷ್ಟಕ್ಕೇ ಎಷ್ಟು ಖುಷಿ ನೋಡಿ!

ನನಗೆ ಕಾನ್ವೆಂಟಿನ ದಿನಗಳು ನೆನಪಾದವು. ಕ್ರಿಸ್‌ಮಸ್ಸಿಗೆ ನಾವು ಹುಡುಗಿಯರು ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುತ್ತಿದ್ದೆವು. ಒಂದು ವರ್ಷ ಕುರಿ ಬೊಂಬೆಗಳು ಸಾಲಲಿಲ್ಲ. ನಾನು ಮನೆಯಿಂದ ಅಷ್ಟಮಿಯ ಕೃಷ್ಣನ ಜೊತೆಗಿದ್ದ ಮಣ್ಣಿನ ದನವನ್ನು ತಂದಿಟ್ಟೆ. ಹಣೆಯಲ್ಲಿ ಕುಂಕುಮ ಹಾಗೆಯೇ ಇತ್ತು. ಸಿಸ್ಟರ್ ಬಂದು ನೋಡಿದರು. ದನವನ್ನು ಸ್ವಲ್ಪ ತಳ್ಳಿ, ಬಾಲಯೇಸುವಿನ ಹತ್ತಿರಕ್ಕೆ ಇಟ್ಟು ಹೋದರು.

ನಾವು ಮನೆಗೆ ಬಂದಾಗ ಸಂಜೆಯ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಾವ ಮತ್ತೆ ಅಂಗಿ ಹಾಕಿಕೊಂಡರು. "ಆ ಬಾತು ಕೊಡೆಯನ್ನು ಎಡಕ್ಕೆ ಇಟ್ಟದ್ದಾ, ಬಲಕ್ಕಾ ಅಂತ ನೋಡಲಿಕ್ಕುಂಟು" ಎಂದು ಯಾರೂ ಕೇಳದೆಯೇ ಕಾರಣ ಹೇಳಿ ಹೊರಟರು. ಅವರು ಆ ಗೇಟು ದಾಟುವುದಕ್ಕೂ ಉಮ್ಮ ಈ ಗೇಟು ತೆರೆಯುವುದಕ್ಕೂ ಸರಿಹೋಯಿತು. ನಮ್ಮ ಗುಳ್ಳದ ಹುಳಿಯ ಪರಿಮಳ ಅವರ ಬಾವಿಕಟ್ಟೆಗೆ ಎಷ್ಟೋ ವರ್ಷಗಳಿಂದ ಹೋಗುತ್ತಿದೆಯಂತೆ. ಹೇಗೆ ಮಾಡುವುದೆಂದು ನೋಡಬೇಕಂತೆ.

ಉಮ್ಮನನ್ನು ಒಲೆಯ ಮುಂದೆ ಮಣೆ ಹಾಕಿ ಕೂರಿಸಿ, ಕರಿಬೇವು ಕೀಳಲು ಹಿತ್ತಿಲಿಗೆ ಬಂದೆ. ಗೋಡೆಯ ಆಚೆ ಜುಲೇಖ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವರ ಜಗಲಿಯಿಂದ ಮಾವನ ನಗು ಕೇಳಿಸುತ್ತಿತ್ತು.

ಬಟ್ಟೆಯಿಂದ ತಲೆ ಎತ್ತದೆಯೇ ಅವಳೆಂದಳು: "ಅಲ್ಲ ಅಕ್ಕಾ, ನಿಮ್ಮ ಮಾವ ನಮ್ಮ ಜಗಲಿಯಲ್ಲಿ, ನಮ್ಮ ಅತ್ತೆ ನಿಮ್ಮ ಅಡುಗೆಮನೆಯಲ್ಲಿ. ಈ ಕೂಡಾಟಕ್ಕೆ ನೋಟೀಸು ಹಾಕಿದ್ದು ಯಾರು?"