ಕಾಲಿಗೆ ಬಿಟ್ಟ ಜಾಗ

ಅಕ್ಷರಕ್ಕೆ ಕಾಲು ತಗುಲಿಸಬಾರದೆಂಬ ನಿಯಮವನ್ನು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಜಾರಿಯಲ್ಲಿಟ್ಟವಳು ನಾನು. ಬೆಂಚಿನಿಂದ ಜಾರಿದ ಪುಸ್ತಕಕ್ಕೆ ಯಾರ ಕಾಲು ತಾಗಿದರೂ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನೆತ್ತಿ ಕಣ್ಣಿಗೊತ್ತಿಕೊಂಡ ಮೇಲೆಯೇ ಷಷ್ಠೀ ವಿಭಕ್ತಿ ಮುಂದುವರಿಯುತ್ತಿತ್ತು. ಅಂಥ ನಾನೇ, ಕಾಲಿನಿಂದ ತುಳಿಯುವುದಕ್ಕೆಂದೇ ಮಾಡಿದ ಒಂದು ವಸ್ತುವಿನ ಮೇಲೆ ಕನ್ನಡ ಅಕ್ಷರಗಳನ್ನು ಕೂರಿಸಿದೆ. ನನ್ನ ಕೈಯಿಂದಾದ ಅಚ್ಚುಕಟ್ಟಾದ ಕೆಲಸಗಳನ್ನು ಎಣಿಸಿ ಎಂದರೆ ಅದನ್ನು ಇಂದಿಗೂ ಮೊದಲ ಮೂರರೊಳಗೆ ಎಣಿಸುತ್ತೇನೆ.

ಆ ವಸ್ತು ಗಿಟಾರಿನ ಪೆಡಲ್. ಅದನ್ನು ನೋಡಿರದವರಿಗಾಗಿ ವಿವರಿಸುತ್ತೇನೆ. ಗಿಟಾರಿಗೂ ಸ್ಪೀಕರಿಗೂ ನಡುವೆ, ವಾದಕನ ಕಾಲ ಬಳಿ ನೆಲದ ಮೇಲಿರುವ ಸಣ್ಣ ಲೋಹದ ಪೆಟ್ಟಿಗೆ ಅದು. ಅದರ ಸ್ವಿಚ್ಚನ್ನು ಕಾಲಿನಿಂದ ಒತ್ತಿದರೆ ತೆಳ್ಳಗಿದ್ದ ನಾದ ದಪ್ಪವಾಗಿ, ಸ್ವಲ್ಪ ಒರಟಾಗಿ, ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಎಷ್ಟು ಜೋರು, ಎಷ್ಟು ಒರಟು ಎಂಬುದನ್ನು ನಿಗದಿ ಮಾಡಲು ಮೇಲೆ ತಿರುಗಿಸುವ ಗುಂಡಿಗಳಿರುತ್ತವೆ.

ಒಳಗಿನ ಸರ್ಕ್ಯೂಟನ್ನು ಮಾಡಿದವನು ನನ್ನ ತಮ್ಮ. ಹಗಲು ಟೆಲಿಫೋನ್ ರಿಪೇರಿ, ಸಂಜೆ ಮದುವೆಯ ಆರತಕ್ಷತೆಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್. ಇದು ಅವನ ದಿನಚರಿ. ಆರು ವರ್ಷ ಅವನು ಹಿಂದಿನ ಸಾಲಿನಲ್ಲಿ ನಿಂತು, ಹಾಡಿನ ಲಯಕ್ಕೆ ಒತ್ತು ಕೊಡುವ ರಿದಮ್ ಗಿಟಾರ್ ಬಾರಿಸಿದ್ದ. ಹಾಡಿನ ನಡುವೆ ಉಳಿದವರೆಲ್ಲ ತಗ್ಗಿ, ಗಿಟಾರ್ ಒಂದೇ ಮುಂದೆ ಬರುವ ಭಾಗವಿರುತ್ತದಲ್ಲ, ಅದಕ್ಕೆ ಅವರು ಲೀಡ್ ಎನ್ನುತ್ತಾರೆ. ಆ ಲೀಡ್ ನುಡಿಸಬೇಕೆಂಬುದು ಅವನ ಆಸೆ. ಆದರೆ ಅದಕ್ಕೆ ಕ್ಯಾಸೆಟ್ಟಿನಲ್ಲಿ ಕೇಳುವಂಥ ದಪ್ಪ ನಾದ ಬೇಕು, ಆ ನಾದಕ್ಕೆ ಪೆಡಲ್ ಬೇಕು. ಹೊರದೇಶದ ಪೆಡಲ್ ನಮ್ಮ ಕೈಗೆಟಕುವಂತಿರಲಿಲ್ಲ. ಹಾಗಾಗಿ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಹುಡುಕಿ ತಾನೇ ಒಂದನ್ನು ಬೆಸೆದು, ಅಮ್ಮನ ಸಾರಿನ ಪುಡಿಯ ಹಳೆಯ ಡಬ್ಬಿಯೊಳಗೆ ಕೂರಿಸಿಕೊಂಡು ಅಭ್ಯಾಸಕ್ಕೆ ಹೋದ. ಆರ್ಕೆಸ್ಟ್ರಾ ನಡೆಸುತ್ತಿದ್ದ ಹಿರಿಯರು ಕೇಳಿದರು, ತಲೆದೂಗಿದರು, ಆಮೇಲೆ ಬಗ್ಗಿ ನೋಡಿದರು.

"ಸೌಂಡ್ ಚೆನ್ನಾಗಿದೆ ಕಣ್ರೀ, ಇಲ್ಲ ಅನ್ನಲ್ಲ. ಆದ್ರೆ ಗಂಡು-ಹೆಣ್ಣು ನಿಂತಿರೋ ಸ್ಟೇಜಲ್ಲಿ ನೀವು ಸಾರಿನ ಪುಡಿ ಡಬ್ಬಿ ತುಳೀತಾ ನಿಂತ್ಕೊಂಡ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ನೋಡೋಕೆ ನೆಟ್ಟಗಿರೋದು ತನ್ನಿ. ಲೀಡ್ ನಿಮ್ದೇ."

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಗಳಾಗಿದ್ದವು. ಅಷ್ಟರಲ್ಲಿ ನಾನು ಶಾಲೆ ಬಿಟ್ಟು, ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಪತ್ರಿಕೆಗಳ ವಿನ್ಯಾಸಕ್ಕೆ ಬಳಸುತ್ತಿದ್ದ ವೆಕ್ಟರ್ ಸಾಫ್ಟ್‌ವೇರ್ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ಚಿತ್ರವೆಂದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಬಾಗಿ ಎಂದು ಖಚಿತವಾಗಿ ಹೇಳಿಸಿಕೊಂಡ ಗೆರೆ. ನೂರು ಪಟ್ಟು ಹಿಗ್ಗಿಸಿದರೂ ಅದರ ಅಂಚು ಒಡೆಯುವುದಿಲ್ಲ. ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿ ಎಂದರೆ ಅಷ್ಟೇ ಸರಿಯುತ್ತದೆ. ಹನ್ನೊಂದು ವರ್ಷಗಳಲ್ಲಿ ಯಾವ ತರಗತಿಯಲ್ಲೂ ನಾನು ಅಂಥ ವಿಧೇಯತೆಯನ್ನು ಕಂಡಿರಲಿಲ್ಲ.

"ಅಕ್ಕ, ಒಂದು ಅಲ್ಯೂಮಿನಿಯಂ ಬಾಕ್ಸ್ ತಂದಿದೀನಿ. ಎಲ್ಲೆಲ್ಲಿ ತೂತು ಬೇಕು, ಏನೇನು ಬರೀಬೇಕು, ನಿನ್ನ ಕಂಪ್ಯೂಟರಲ್ಲಿ ಬಿಡಿಸ್ಕೊಡ್ತೀಯಾ? ಗುಂಡಿಗಳ ಹೆಸರು ದೊಡ್ಡದಾಗಿ ಸ್ವಿಚ್ ಸುತ್ತಾನೇ ಬರ್ಲಿ" ಎಂದ ತಮ್ಮ.

ಶಂಕರಪುರದ ನಮ್ಮ ಮನೆಯ ಹಾಲಿನಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿದರು. "ಅದನ್ನ ಕಾಲಲ್ಲಿ ತುಳಿಯೋದು ಅಂದ್ಯಲ್ಲೋ. ತುಳಿಯೋ ಕಡೆ ಅಕ್ಷರ ಬರೆಸ್ತೀಯಾ? ಮೇಷ್ಟ್ರಾಗಿದ್ದೋಳ ಕೈಲಿ?"

ತಮ್ಮ ನನ್ನ ಮುಖ ನೋಡಿದ. ನಾನು ಅಮ್ಮನ ಪಕ್ಷ. ಆಗ ನಾನೇ ಒಂದು ಪರಿಹಾರ ಹೇಳಿದೆ: ಕಾಲು ಬೀಳುವ ಜಾಗವನ್ನು ಮೊದಲು ಗುರುತಿಸೋಣ, ಅದರೊಳಗೆ ಒಂದು ಅಕ್ಷರವೂ ಇರಕೂಡದು, ಒಂದು ಅಂಕಿಯೂ ಇರಕೂಡದು. ಹಾಲಿನ ನೆಲದ ಮೇಲೆ ಬಿಳಿಯ ಹಾಳೆ ಹಾಸಿ, ತಮ್ಮನನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಓಡಿಸಿದೆ. ಅವನು ಕಚಗುಳಿಯಿಂದ ಎರಡು ಸಲ ಕಾಲು ಹಿಂದಕ್ಕೆಳೆದುಕೊಂಡದ್ದರಿಂದ ಮೂರನೆಯ ಹಾಳೆ ಸರಿಯಾಯಿತು.

ಪೆಟ್ಟಿಗೆ ನೂರಿಪ್ಪತ್ತು ಮಿಲಿಮೀಟರ್ ಉದ್ದ, ಅರವತ್ತೈದು ಅಗಲ. ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಮಾಲೀಕರ ಅನುಮತಿ ಪಡೆದು ಅದನ್ನು ಪರದೆಯ ಮೇಲೆ ಬರೆದೆ. ಲಗ್ನಪತ್ರಿಕೆಯಂತೆಯೇ ನಿಲುವಾಗಿ ನಿಲ್ಲಿಸಿದೆ: ಮೇಲೆ ಮೂರು ಗುಂಡಿಗಳು, ಅವುಗಳ ಕೆಳಗೆ ಹೆಸರುಗಳು, ಬುಡದಲ್ಲಿ ಸ್ವಿಚ್. ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆ: ಜೋರಿಗೆ ದನಿ, ಒರಟಿಗೆ ಕಸುವು, ನಾದದ ಮೊನಚಿಗೆ ಬಣ್ಣ. ಗುಂಡಿ ತಿರುಗುವುದು ಮುನ್ನೂರು ಡಿಗ್ರಿ. ಅದನ್ನು ಹತ್ತು ಪಾಲು ಮಾಡಿ, ಒಂದು ಗೀಟನ್ನು ಮೂವತ್ತು ಡಿಗ್ರಿಯಂತೆ ತಿರುಗಿಸಿ ನಕಲು ಮಾಡುತ್ತ ಹೋದರೆ ಗಡಿಯಾರದ ಮುಖದಂಥ ಬಿಲ್ಲೆ ಸಿದ್ಧವಾಗುತ್ತದೆ. ಅದಕ್ಕೆ ಕನ್ನಡದ ಅಂಕಿಗಳನ್ನು ಕೂರಿಸಿದೆ. ತೂತುಗಳ ನಕ್ಷೆಯನ್ನು ಇದ್ದಳತೆಗೇ ಮುದ್ರಿಸಿ ಪೆಟ್ಟಿಗೆಗೆ ಅಂಟಿಸಿದೆವು. ತಮ್ಮ ಅದರ ಮೇಲೆಯೇ ಡ್ರಿಲ್ ಹಾಕಿದ. ಯಾವ ತೂತೂ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಅಕ್ಷರಗಳನ್ನು ಒತ್ತಿಕೊಟ್ಟವರು ನಮ್ಮ ಅಂಗಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದವರು. ಮದುವೆಯ ಹೊನ್ನಿನ ಬಣ್ಣವನ್ನೇ ಲೋಹಕ್ಕೆ ಹೊಂದುವಂತೆ ಕಲಸುತ್ತ ಕೇಳಿದರು:

"ಮೇಡಂ, ಇದು ಮದ್ವೇದೋ ಮುಂಜೀದೋ?"

"ಎರಡೂ ಅಲ್ಲ. ತುಳಿಯೋದು."

"ಅಯ್ಯಯ್ಯೋ, ಹಾಗಾದ್ರೆ ಗಟ್ಟಿ ಇಂಕೇ ಹಾಕ್ಬೇಕು ಬಿಡಿ!"

ಮನೆಗೆ ತಂದು ಹಾಲಿನಲ್ಲಿಟ್ಟು ಪರೀಕ್ಷಿಸಿದೆವು. ತಮ್ಮ ಕಾಲಿನ ಹೆಬ್ಬೆರಳಿನಿಂದ ಸ್ವಿಚ್ ಒತ್ತಿದ. ಬೆರಳ ತುದಿಗೂ ಮೊದಲ ಅಕ್ಷರಕ್ಕೂ ನಡುವೆ ನಾನು ಬಿಟ್ಟಿದ್ದ ಖಾಲಿ ಜಾಗ ಹಾಗೆಯೇ ಉಳಿಯಿತು. ಐವತ್ತು ಸಲ ಒತ್ತಿಸಿದೆ. ಅಮ್ಮನೂ ಬಗ್ಗಿ ನೋಡಿ ಒಪ್ಪಿದರು.

ನಮ್ಮ ಮನೆಯ ಹೊಸ್ತಿಲು ದಾಟಿ ಚಪ್ಪಲಿ ಒಳಗೆ ಬಂದದ್ದಿಲ್ಲ. ಆದ್ದರಿಂದ ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ವಿಶ್ವೇಶ್ವರಪುರದ ಒಂದು ಕಲ್ಯಾಣಮಂಟಪದಲ್ಲಿ ಆರತಕ್ಷತೆ. ಅಂದು ತಮ್ಮನಿಗೆ ಮೊದಲ ಲೀಡ್. ನಾನೂ ಅಮ್ಮನೂ ಹಿಂದಿನ ಕುರ್ಚಿಗಳಲ್ಲಿ ಕುಳಿತಿದ್ದೆವು. ಆರ್ಕೆಸ್ಟ್ರಾದವರೆಲ್ಲ ಸಮವಸ್ತ್ರದಲ್ಲಿದ್ದರು: ಕಂದು ಕೋಟು, ಕರಿಯ ಪ್ಯಾಂಟು, ಕನ್ನಡಿಯಂತೆ ಹೊಳೆಯುವ ಕರಿಯ ಶೂ. ಮೂರನೆಯ ಹಾಡಿನ ನಡುವೆ ಹಿರಿಯರು ಕೈಸನ್ನೆ ಮಾಡಿದರು. ತಮ್ಮ ಮುಂದೆ ಬಂದು ಶೂ ಕಾಲನ್ನು ಪೆಡಲಿನ ಮೇಲೆ ಊರಿದ. ಶೂವಿನ ಮೂತಿ ಸ್ವಿಚ್ಚನ್ನು ದಾಟಿ, ನಾನು ಬಿಟ್ಟಿದ್ದ ಖಾಲಿ ಜಾಗವನ್ನೂ ದಾಟಿ, 'ಕಸುವು' ಎಂಬ ಹೆಸರನ್ನು ಮೆಟ್ಟಿ, ಅದರ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟಿತು. ಸ್ಪೀಕರುಗಳಿಂದ ಹೊರಟ ಕಿರುಚಾಟಕ್ಕೆ ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಮದುವಣಗಿತ್ತಿ ಬೆಚ್ಚಿದ್ದು ನಮ್ಮ ಕುರ್ಚಿಗಳಿಗೂ ಕಾಣಿಸಿತು. ಲೀಡ್ ಅಲ್ಲಿಗೇ ಮುಗಿಯಿತು. ಕೀಬೋರ್ಡಿನವರು ಹೇಗೋ ಹಾಡನ್ನು ದಡ ಸೇರಿಸಿದರು.

ಊಟದ ಹಾಲಿನ ಬಾಗಿಲಲ್ಲಿ ಹಿರಿಯರು ತಮ್ಮನಿಗೆ ಹೇಳಿದ್ದು ಮೂರೇ ಮಾತು. "ಇನ್ಮೇಲೆ ಲೀಡ್ ಕೀಬೋರ್ಡ್‌ನಲ್ಲೇ ಬರ್ಲಿ. ನೀವು ರಿದಮ್ ನೋಡ್ಕೊಳ್ಳಿ. ಆ ಪೆಟ್ಟಿಗೆ ಮನೇಲಿರ್ಲಿ."

ತಮ್ಮ ಪೆಟ್ಟಿಗೆಯನ್ನು ಕೋಟಿನೊಳಗೆ ಮುಚ್ಚಿಕೊಂಡು ಮನೆಯವರೆಗೂ ಬಂದ. ಗೇಟಿನ ಬಳಿ, ಶೂ ಬಿಚ್ಚಲು ಬಗ್ಗಿದಾಗ, "ನನ್ನ ಕಾಲೇ ಸರಿಯಿಲ್ಲ ಬಿಡಕ್ಕ" ಎಂದ. ಸರಿಯಿಲ್ಲದ್ದು ಅವನ ಕಾಲಲ್ಲ, ನನ್ನ ಅಳತೆ. ಬರಿಗಾಲಿಗೆ ಅಳೆದು ಶೂ ಕಾಲಿಗೆ ಕೊಟ್ಟಿದ್ದೆ. ವಿದ್ಯಾರ್ಥಿ ಪ್ರಶ್ನೆಯನ್ನೇ ಓದದೆ ಉತ್ತರ ಬರೆದರೆ ನಾನು ಸೊನ್ನೆ ಕೊಡುತ್ತಿದ್ದೆ. ಆ ರಾತ್ರಿ ನನಗೂ ಅಷ್ಟೇ ಕೊಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಅಮ್ಮನ ಮುಂದೆ ವಿಷಯವಿಟ್ಟೆ. "ಅಮ್ಮ, ಶೂ ಹಾಕಿಸಿಯೇ ಅವನ ಕಾಲಿನ ಅಳತೆ ತಗೋಬೇಕು. ಹೊರಗೆ ಅಂಗಳದ ಕಲ್ಲು ಮಟ್ಟವಾಗಿಲ್ಲ. ಹಾಲೇ ಆಗ್ಬೇಕು."

"ಹಾಲಲ್ಲಿ? ದೇವರ ಮನೆ ಎದುರಿಗೆ?" ಅಮ್ಮ ದೇವರ ಮನೆಯತ್ತ ತಿರುಗಿ ನೋಡಿದರು. ಆಮೇಲೆ, "ಶೂ ಅಡಿ ತೊಳ್ಕೊಂಡು ಬರ್ಲಿ. ಇರು, ನ್ಯೂಸ್‌ಪೇಪರ್ ಹಾಸ್ತೀನಿ" ಎಂದು ಎದ್ದು, ಪತ್ರಿಕೆಯನ್ನು ಅರ್ಧ ಬಿಚ್ಚಿ, ನಿಂತುಬಿಟ್ಟರು. "ಥೂ, ಇದೂ ಅಕ್ಷರಾನೇ ಅಲ್ವೇ!" ಪತ್ರಿಕೆ ಮಡಿಚಿಟ್ಟು ಹಪ್ಪಳ ಒಣಗಿಸುವ ಹಳೆಯ ಚಾಪೆ ತಂದರು. ಬಾಗಿಲಲ್ಲಿ ನಿಂತಿದ್ದ ತಮ್ಮ ಹಿಂದಿನ ರಾತ್ರಿಯ ನಂತರ ಮೊದಲ ಸಲ ನಕ್ಕ.

ಚಾಪೆಯ ಮೇಲೆ ಹಾಳೆ ಹಾಸಿ ಶೂವಿನ ಅಚ್ಚು ತೆಗೆದುಕೊಂಡೆ. ಅಂಗಡಿಯಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಸುತ್ತ ಬಿಂದುಗಳನ್ನಿಟ್ಟು ಬಾಗುಗೆರೆ ಎಳೆದು, ಪರದೆಯ ಮೇಲೆ ಒಂದು ಶೂ ಮಾಡಿದೆ. ಪೆಟ್ಟಿಗೆಯ ಚಿತ್ರ ಒಂದು ಪದರದಲ್ಲಿ, ಶೂ ಅದರ ಮೇಲಿನ ಪದರದಲ್ಲಿ. ಆಮೇಲೆ ಆ ಶೂವನ್ನು ಓಡಾಡಿಸಿದೆ: ನೇರವಾಗಿ, ಹದಿನೈದು ಡಿಗ್ರಿ ಎಡಕ್ಕೆ, ಹದಿನೈದು ಬಲಕ್ಕೆ, ಅವಸರದಲ್ಲಿ ಊರಿದಂತೆ ಮೂರು ಬೆರಳು ಮುಂದಕ್ಕೆ. ಗುಂಡಿಗಳನ್ನು ಮೇಲಂಚಿಗೆ ಒತ್ತಿದೆ, ಸ್ವಿಚ್ಚನ್ನು ಕೆಳಂಚಿಗೆ ತಳ್ಳಿದೆ. ಏನು ಮಾಡಿದರೂ ಶೂವಿನ ಮೂತಿ ಯಾವುದಾದರೊಂದು ಅಕ್ಷರವನ್ನು ಮುಟ್ಟಿಯೇ ತೀರುತ್ತಿತ್ತು. ನಾಲ್ಕು ಸಂಜೆಗಳು ಹೀಗೆಯೇ ಕಳೆದವು.

ಐದನೆಯ ಸಂಜೆ ಒಬ್ಬ ಗಿರಾಕಿ ಮಗಳ ಲಗ್ನಪತ್ರಿಕೆಯ ಮಾದರಿ ನೋಡಿ, "ಉದ್ದದ್ದು ಬೇಡಮ್ಮ, ಎಲ್ರೂ ಅದನ್ನೇ ಮಾಡಿಸ್ತಾರೆ. ಅಡ್ಡ ಕಾರ್ಡ್ ಮಾಡ್ಕೊಡಿ" ಎಂದರು. ದಿನಕ್ಕೆ ಹತ್ತು ಸಲ ಕೇಳುವ ಮಾತು. ಅವರ ಕಾರ್ಡನ್ನು ಅಡ್ಡ ಮಾಡಿಕೊಟ್ಟೆ. ಅವರು ಹೋದ ಮೇಲೆ ನನ್ನ ಪೆಟ್ಟಿಗೆಯ ಚಿತ್ರ ತೆರೆದು ಅದನ್ನೂ ತೊಂಬತ್ತು ಡಿಗ್ರಿ ತಿರುಗಿಸಿ ಮಲಗಿಸಿದೆ. ಸ್ವಿಚ್ ಬಲತುದಿಗೆ, ಗುಂಡಿಗಳು ಎಡಕ್ಕೆ ಒಂದರ ಕೆಳಗೊಂದು, ಅಕ್ಷರಗಳು ಅವುಗಳಿಗೂ ಎಡಕ್ಕೆ. ಈಗ ಶೂ ಎಷ್ಟು ಮುಂದೆ ನುಗ್ಗಿದರೂ ಅದರ ದಾರಿಯಲ್ಲಿ ಏನೂ ಇಲ್ಲ. ಪೆಟ್ಟಿಗೆ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ. ತೀರ ಕೆಟ್ಟದಾಗಿ ಊರಿದರೂ ಹತ್ತಿರದ ಗುಂಡಿಗೂ ಶೂವಿಗೂ ನಡುವೆ ಎಂಟು ಮಿಲಿಮೀಟರ್ ಉಳಿಯಿತು. ಬೇರೆ ಯಾರೂ ಇಲ್ಲದ ಆ ಅಂಗಡಿಯಲ್ಲಿ ನಾನು ನನಗೇ 'ಭೇಷ್' ಎಂದುಕೊಂಡೆ. ಶಾಲೆಯಲ್ಲಿ ಆ ಪದವನ್ನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಳಸಿದವಳಲ್ಲ ನಾನು.

ಹೊಸ ಪೆಟ್ಟಿಗೆ ಸಿದ್ಧವಾದ ಭಾನುವಾರ ಚಾಮರಾಜಪೇಟೆಯಲ್ಲಿದ್ದ ಆರ್ಕೆಸ್ಟ್ರಾದವರ ಅಭ್ಯಾಸದ ಹಾಲಿಗೆ ತಮ್ಮನ ಜೊತೆ ನಾನೂ ಹೋದೆ. ತಪ್ಪು ನನ್ನದಾದ್ದರಿಂದ ಅದನ್ನು ನಾನೇ ಹೇಳಬೇಕಾಗಿತ್ತು.

"ಅವತ್ತು ಆಗಿದ್ದು ಇವನಿಂದಲ್ಲ ಸಾರ್. ನಕ್ಷೆ ನನ್ನದು. ಬರಿಗಾಲಿನ ಅಳತೆ ಇಟ್ಕೊಂಡು ಮಾಡಿದ್ದೆ. ಈಗ ಸರಿಮಾಡಿದೀನಿ, ದಯವಿಟ್ಟು ಒಂದ್ಸಲ ನೋಡಿ."

ಹಿರಿಯರು ಪೆಡಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹೊನ್ನಿನ ಅಕ್ಷರಗಳ ಮೇಲೆ ಬೆರಳಾಡಿಸಿದರು. ಚೆನ್ನಾಗಿದೆ ಎನ್ನಲಿಲ್ಲ. ನೆಲದ ಮೇಲಿಟ್ಟು, "ನಾನೇ ತುಳೀಲಾ?" ಎಂದರು. ಅವರ ಶೂ ತಮ್ಮನದಕ್ಕಿಂತ ಎರಡು ಅಳತೆ ದೊಡ್ಡದು. ನನ್ನ ಎಂಟು ಮಿಲಿಮೀಟರುಗಳಲ್ಲಿ ಎಷ್ಟು ಉಳಿದಾವು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಂತೆ ತಮ್ಮ, "ತುಳೀರಿ ಸಾರ್" ಎಂದುಬಿಟ್ಟ.

ಅವರು ತುಳಿದರು. ಒಮ್ಮೆ ಅಲ್ಲ, ಹತ್ತು ಸಲ. ನೇರವಾಗಿ, ಓರೆಯಾಗಿ, ಬೇರೆಲ್ಲೋ ನೋಡುತ್ತ, ಹಾಡಿನ ಗತ್ತಿನಲ್ಲಿ ನೆಲಕ್ಕೆ ಹೊಡೆಯುವಂತೆ.

"ಗುರುಗಳೇ, ಮೆಲ್ಲಗೆ, ಅದು ಜಿರಲೆ ಅಲ್ಲ!" ಎಂದರು ಕೀಬೋರ್ಡಿನವರು.

ಹಿರಿಯರು ಬಗ್ಗಿ ಗುಂಡಿಗಳನ್ನು ನೋಡಿದರು. ದನಿ ಆರು, ಕಸುವು ನಾಲ್ಕು, ಬಣ್ಣ ಐದು. ತಮ್ಮ ಇಟ್ಟಿದ್ದ ಜಾಗ ಬಿಟ್ಟು ಯಾವುದೂ ಕದಲಿರಲಿಲ್ಲ.

"ಸರಿ. ಮೂರನೇ ಹಾಡು. ಲೀಡ್ ನೀವು ತಗೊಳ್ಳಿ."

"ನನ್ನ ಲೀಡ್ ಒಂದೇ ವಾರಕ್ಕೆ ಹೋಯ್ತಲ್ಲೋ ಮಗಾ" ಎಂದು ಕೀಬೋರ್ಡಿನವರು ತಮ್ಮನ ಬೆನ್ನಿಗೊಂದು ಗುದ್ದಿದರು.

ಹಾಡು ಶುರುವಾಯಿತು. ಲೀಡಿನ ಭಾಗ ಬಂದಾಗ ಹಾಲಿನಲ್ಲಿದ್ದವರೆಲ್ಲ ತಮ್ಮನ ಬೆರಳುಗಳತ್ತ ತಿರುಗಿದರು. ನಾನು ಅವನ ಶೂವನ್ನೇ ನೋಡುತ್ತಿದ್ದೆ. ಅದು ಇಳಿಯಿತು, ಟಕ್ ಎಂದಿತು, ನಾದ ದಪ್ಪವಾಗಿ ಹಾಲನ್ನೆಲ್ಲ ತುಂಬಿತು. ಶೂ ಮೇಲೆದ್ದಾಗ ಅದರ ಎಡಕ್ಕೆ ನನ್ನ ಮೂರು ಹೆಸರುಗಳೂ, ಅವುಗಳ ಅಷ್ಟೂ ಅಂಕಿಗಳೂ ಹೊಳೆಯುತ್ತಿದ್ದವು.