ಹಾಜಿರಾಬೀ ಮಾಡಿದ ರೈಲಿನ ಕೊಂಡಿ

ಹಾಜಿರಾಬೀ ಮದುವೆಯಾಗಿ ಮಸ್ಕಿಗೆ ಬಂದದ್ದು ೧೯೮೧ರಲ್ಲಿ. ಬಂದ ವಾರದೊಳಗೇ ಊರಿನ ಬಗ್ಗೆ ತನ್ನ ತೀರ್ಪು ಹೇಳಿ ಮುಗಿಸಿದ್ದಳು.

"ಸೀಟಿ ಇಲ್ಲ, ಸಿಗ್ನಲ್ ಇಲ್ಲ. ಇದೂ ಒಂದು ಊರೇನು? ಎಷ್ಟು ಹೊತ್ತಾತು ಅಂತ ತಿಳಿಯಾಕ ಬಸ್ಸಿನ ಹಾದಿ ನೋಡಬೇಕು. ಆ ಬಸ್ಸರೆ ಹೊತ್ತಿಗೆ ಬರ್ತೈತೇನು?"

ಅವಳು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಸ್ಟೇಷನ್ನಿನ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಹುಸೇನ್‌ಸಾಬ್ ಉದ್ದ ಹಿಡಿಯ ಸುತ್ತಿಗೆಯಿಂದ ಗೂಡ್ಸ್ ಗಾಡಿಯ ಒಂದೊಂದು ಗಾಲಿಯನ್ನೂ ಬಡಿದು, ಸದ್ದಿನ ಮೇಲೇ ಒಡಕು ಹೇಳುವ ಕೆಲಸದಲ್ಲಿದ್ದ. ಅವನಿಗೆ ಬುತ್ತಿ ಒಯ್ದು ಕೊಟ್ಟು, ಅವನು ಉಂಡು ಮುಗಿಸುವ ತನಕ ಹುಡುಗಿ ಡಬ್ಬಿಗಳ ಸಂದಿನಲ್ಲಿ ನಿಂತು ಒಂದಕ್ಕೊಂದು ಜೋಡಿಸಿದ ಕೊಂಡಿಗಳನ್ನು ನೋಡುತ್ತಿದ್ದಳು. ಅಷ್ಟೇ ಅವಳ ವಿದ್ಯೆ. ಆದರೆ ಆ ವಿದ್ಯೆಯ ಗತ್ತು ಒಬ್ಬ ಚೀಫ್ ಇಂಜಿನಿಯರನಿಗಿಂತ ಒಂದು ಕೈ ಹೆಚ್ಚೇ ಇತ್ತು.

ಗಂಡ ಹಸನ್‌ಸಾಬ್‌ಗೆ ಸಿಂಧನೂರು ರಸ್ತೆಯ ಬದಿಗೆ ವೆಲ್ಡಿಂಗ್ ಅಂಗಡಿ. ಕಾಲುವೆಯ ನೀರು ಬಂದು, ಗದ್ದೆಯಾಗಿ, ಟ್ರ್ಯಾಕ್ಟರುಗಳು ಹೆಚ್ಚಿ, ಟ್ರೇಲರ್ ಮಾಡುವ ಕೆಲಸಕ್ಕೆ ಅವನಿಗೆ ಬಿಡುವಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ಮನೆಯ ಮಾತೆಲ್ಲ ಹೆಂಡತಿಯೇ ಆಡುತ್ತಿದ್ದುದರಿಂದ ಅದೇನೂ ಕೊರತೆಯಾಗಲಿಲ್ಲ. ಎರಡು ವರ್ಷದಲ್ಲಿ ಅವಳು ಅಂಗಡಿಯಲ್ಲೇ ಕೂತಳು. ಅತ್ತೆ ಮುಖ ತಿರುಗಿಸಿದಳು, ಓಣಿಯವರು ನಾಲ್ಕು ಮಾತಾಡಿದರು. "ಅವರ ಬಾಯಿಗೆ ನನ್ನ ಗಂಡ ವೆಲ್ಡಿಂಗ್ ಹಾಕಿಕೊಡ್ತಾನಂತ ಹೇಳ್ರಿ" ಎಂದು ಹೇಳಿ ಕಳಿಸಿದಳು.

ಟ್ರ್ಯಾಕ್ಟರ್ ಡ್ರೈವರುಗಳು ಅವಳಿಗೆ ಹೆದರುತ್ತಿದ್ದರು. ಕೊಂಡಿಗೆ ಬಾಗಿದ ಸರಳು ತುರುಕಿಕೊಂಡು ಬಂದವನನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ.

"ಇದು ಕೊಂಡೀನೋ, ನಿನ್ನ ಚೊಣ್ಣದ ಲಾಡೀನೋ? ಇಪ್ಪತ್ತು ಚೀಲ ನೆಲ್ಲು ಇದರ ಮ್ಯಾಲೆ ನಂಬಿ ಬಿಟ್ಟೀಯಲ್ಲ, ನಮ್ಮಪ್ಪ ನೋಡಿದ್ರ ಅದೇ ಸುತ್ತಿಗಿಲೆ ನಿನ್ನ ತಲಿ ಬಡಿದು ಒಡಕು ನೋಡ್ತಿದ್ದ."

ಹೀಗೆ ಹತ್ತು ವರ್ಷ ಕಳೆಯಿತು. ಅಪ್ಪ ತೀರಿಹೋದ. ತವರಿನ ಕ್ವಾರ್ಟರ್ಸು ಬೇರೆ ಯಾರದೋ ಆಯಿತು. ಗತ್ತು ಮಾತ್ರ ಹಾಗೇ ಉಳಿಯಿತು.

೧೯೯೨ರಲ್ಲಿ ಸಿಂಧನೂರಿನ ರೈಸ್‌ಮಿಲ್ ಧಣಿ ಕೋಟಯ್ಯನಿಗೆ ತೀರಿಹೋದ ತಂದೆಯ ಹೆಸರಿನಲ್ಲಿ ಒಂದು ಉದ್ಯಾನ ಮಾಡಿಸುವ ಉಮೇದು ಬಂತು. ಹುಲ್ಲು, ಕಾರಂಜಿ, ಸಿಮೆಂಟಿನ ಜಿರಾಫೆ ಎಲ್ಲ ಆದ ಮೇಲೆ, ಸುತ್ತ ಎಲ್ಲೂ ರೈಲಿಲ್ಲದ ತಾಲೂಕಿಗೆ ತಾನೇ ರೈಲು ಬಿಡಬೇಕೆಂದು ಅವನ ತಲೆಗೆ ಬಂತು. ಮಕ್ಕಳ ರೈಲು: ಮುಂದೆ ಡೀಸೆಲ್ ಎಂಜಿನ್ನು, ಹಿಂದೆ ನಾಲ್ಕು ಡಬ್ಬಿ, ಹೊಂಡದ ಸುತ್ತ ಕಿರಿದಾದ ಹಳಿ. ಹೈದರಾಬಾದಿನಿಂದ ಒಬ್ಬ ಇಂಜಿನಿಯರು ಬಂದ. ಬಿಳಿ ಪ್ಯಾಂಟು, ಬಿಳಿ ಬೂಟು, ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ. ಕೆಸರಿನ ಊರಿಗೆ ಬಿಳಿ ಬೂಟು ಹಾಕಿಕೊಂಡು ಬಂದವನ ಬುದ್ಧಿ ಎಷ್ಟಿದ್ದೀತು ಎಂದು ಹಾಜಿರಾಬೀ ಅವನ ಕಾಲು ನೋಡಿಯೇ ಅಳೆದಳು.

ಡಬ್ಬಿ ಜೋಡಿಸುವ ಕೆಲಸ ಹಸನ್‌ಸಾಬ್‌ಗೆ ಸಿಕ್ಕಿತು. ನಕ್ಷೆಯಲ್ಲಿ ಎರಡು ಡಬ್ಬಿಗಳ ನಡುವೆ ಒಂದು ದಪ್ಪ ಕಬ್ಬಿಣದ ಪಟ್ಟಿ, ಅದರ ಎರಡೂ ತುದಿಗೆ ಎರಡೆರಡು ಬೋಲ್ಟು. ಹಾಜಿರಾಬೀ ಗಂಡನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಸಾಹೇಬ್ರ, ನಿಮ್ಮ ಹಳಿ ದುಂಡಗೈತಿ. ಡಬ್ಬಿ ಅತ್ತಿತ್ತ ಹೊರಳಬೇಕಲ್ಲ? ಹಿಂಗ ಬಿಗಿದ್ರ ಮುಂದಿನ ಡಬ್ಬಿ ತಿರುಗಿದಾಗ ಹಿಂದಿಂದು ತಿರುಗೂದಿಲ್ಲ. ಗಾಲಿ ಹಳಿ ಮ್ಯಾಲೆ ಹತ್ತತೈತಿ."

ಇಂಜಿನಿಯರು ಅವಳನ್ನು ನೋಡಲಿಲ್ಲ. ಹಸನ್‌ಸಾಬ್‌ನನ್ನು ನೋಡಿ ನಕ್ಕ. "ಏನಪ್ಪಾ, ನಿಮ್ಮ ಅಂಗಡಿಯಲ್ಲಿ ಡಿಸೈನ್ ಯಾರು ಮಾಡ್ತಾರೆ?"

"ಡಿಸೈನ್ ನೀವೇ ಮಾಡ್ರಿ," ಎಂದಳು ಹಾಜಿರಾಬೀ. "ಗಾಡಿ ಬಿದ್ದಾಗ ಎತ್ತಾಕ ನಾವು ಅದೀವಿ."

ಉದ್ಘಾಟನೆಯ ದಿನ ಅವಳು ಹೊಸ ಸೀರೆ ಉಟ್ಟು ಸಿಂಧನೂರಿಗೆ ಹೋದಳು. ಗಾಡಿ ಬೀಳುವುದನ್ನು ನೋಡಲು ಹೋದದ್ದೆಂದು ಆಮೇಲೆ ತಾನೇ ಹೇಳಿಕೊಂಡಳು, ಮುಚ್ಚಿಡುವ ಜಾತಿಯವಳಲ್ಲ. ಊರಿನ ದೊಡ್ಡವರೆಲ್ಲ ಹಾರ ಹಾಕಿಕೊಂಡು ಮಕ್ಕಳ ಡಬ್ಬಿಗಳಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿ ಕೂತರು. ಎಂಜಿನ್ನು ಸೀಟಿ ಹೊಡೆದು ಹೊರಟಿತು. ನೇರ ಹಳಿಯಲ್ಲಿ ಚಂದಾಗಿ ಹೋಯಿತು. ಹೊಂಡದ ತಿರುವಿಗೆ ಬಂದದ್ದೇ ಎರಡನೆಯ ಡಬ್ಬಿಯ ಮುಂದಿನ ಗಾಲಿ ಕಿರ್ರೆಂದು ಹಳಿಯ ತಲೆಯ ಮೇಲೇರಿ, ಒಂದು ಗಳಿಗೆ ಅಲ್ಲೇ ಯೋಚಿಸಿದಂತೆ ನಿಂತು, ಹೂವಿನ ಮಡಿಯೊಳಗೆ ಇಳಿಯಿತು. ಬಿಗಿದ ಪಟ್ಟಿ ಹಿಂದಿನ ಡಬ್ಬಿಯನ್ನೂ ಬಿಡದೆ ಎಳೆದುಕೊಂಡು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ದೊಡ್ಡವರಲ್ಲೊಬ್ಬರ ಪಂಚೆ ಮಾತ್ರ ಗುಲಾಬಿ ಗಿಡದಲ್ಲಿ ಉಳಿಯಿತು.

ಇಂಜಿನಿಯರು ಹಳಿ ಹಾಕಿದವರನ್ನು ಬೈದ. ಹಳಿ ಹಾಕಿದವರು ಮಣ್ಣನ್ನು ಬೈದರು. ಮಣ್ಣಿಗೆ ಬಾಯಿ ಇಲ್ಲದ್ದರಿಂದ ವಿಚಾರಣೆ ಅಲ್ಲಿಗೇ ಮುಗಿಯಿತು.

ಆದರೆ ಕೋಟಯ್ಯ ಮಿಲ್ಲು ನಡೆಸಿದವನು, ಯಂತ್ರದ ತಪ್ಪನ್ನು ಮಣ್ಣಿಗೆ ಹಚ್ಚಿ ಬಿಡುವವನಲ್ಲ. ನಾಲ್ಕನೆಯ ದಿನ ಮಸ್ಕಿಗೆ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ.

"ಏಮ್ಮಾ, ನೀ ಮೊದ್ಲೇ ಹೇಳಿದ್ದಿ ಅಂತ ಕೇಳಿದೆ. ನಿನಗೆ ಬರ್ತದಾ?"

"ಬರ್ತೈತಿ ಧಣೇರ. ರೈಲ್ವೆದವರ ಮಗಳು ನಾನು."

ಹಸನ್‌ಸಾಬ್ ಹೆಂಡತಿಯ ಮುಖ ನೋಡಿದ. ಆಮೇಲೆ ಪಾನ ಎತ್ತಿಕೊಂಡು ಕಾರಿನ ಕಡೆ ನಡೆದ.

ಅವಳು ಬಿಗಿದ ಪಟ್ಟಿಗಳನ್ನು ಕಳಚಿಸಿದಳು. ಅಪ್ಪನ ಕಾಲದ ಗೂಡ್ಸ್ ಡಬ್ಬಿಗಳಲ್ಲಿ ನೋಡಿದ್ದಂತೆ ಡಬ್ಬಿಯ ನಡುಮಧ್ಯದಲ್ಲಿ ಒಂದು ಕೊಕ್ಕೆ, ಕೊಕ್ಕೆಯಿಂದ ಕೊಕ್ಕೆಗೆ ಮೂರು ಬಳೆಯ ದಪ್ಪ ಸರಪಳಿ. ಸರಪಳಿ ಎತ್ತ ಬೇಕಾದರೂ ಹೊರಳುತ್ತದೆ. ತಿರುವು ಎಷ್ಟು ಬಿಗಿ ಇದ್ದರೇನು? ಗಾಡಿ ಬಿಟ್ಟು ನೋಡಿದರು. ಹೊಂಡದ ತಿರುವನ್ನು ಎಮ್ಮೆಯ ಹಿಂಡು ಸಾಲಾಗಿ ಹೊರಳಿದ ಹಾಗೆ ಹೊರಳಿಕೊಂಡು ಹೋಯಿತು. ಹಾಜಿರಾಬೀ ಬಿಳಿ ಬೂಟಿನವನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನಕ್ಷಿ ಸುತ್ತಿ ಬಗಲಾಗ ಇಟ್ಕೊಳ್ರಿ ಸಾಹೇಬ್ರ, ಬಿಸಿಲಿಗೆ ಬಣ್ಣ ಹೋದೀತು" ಎಂದಳು. ಆಳುಗಳು ನಕ್ಕರು.

ನಗು ನಿಲ್ಲುವ ಮೊದಲೇ ಎಂಜಿನ್ನಿನವನು ನಿಲ್ಲಿಸಲು ಬ್ರೇಕು ಹಾಕಿದ. ಮುಂದಿನ ಡಬ್ಬಿ ನಿಂತಿತು. ಹಿಂದಿನದು ನಿಲ್ಲದೆ ಹೋಗಿ ಅದನ್ನು ಗುದ್ದಿತು. ಅದರ ಹಿಂದಿನದು ಅದನ್ನು. ಕೊನೆಯ ಡಬ್ಬಿ ಗುದ್ದಿದ ರಭಸಕ್ಕೆ ಬಾಲ ಬೀಸಿದಂತೆ ಪಕ್ಕಕ್ಕೆ ಹೊಡೆದು ಹಳಿ ಬಿಟ್ಟಿತು. ಅಲ್ಲಿ ಗಿಡಗಳಿಗೆ ನೀರು ಹಾಕುವ ಯಮನಮ್ಮ ಕೊಡ ಹಿಡಿದು ನಿಂತಿದ್ದಳು. ಗಾಲಿ ಅವಳ ಎಡಗಾಲಿನ ಬೆರಳುಗಳ ಮೇಲೆ ಕೂತಿತು.

ಡಬ್ಬಿ ಎತ್ತಿ ಕಾಲು ಬಿಡಿಸಿದರು. ಎರಡು ಬೆರಳು ಮುರಿದಿದ್ದವು. ಯಮನಮ್ಮ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಹಾಜಿರಾಬೀಯ ತೋಳು ಗಟ್ಟಿ ಹಿಡಿದು, "ಅಕ್ಕಾ, ಅದು ನಿಂತಿತ್ತಲ್ಲ, ಮತ್ಯಾಕ ಬಂತು?" ಎಂದು ಒಂದೇ ಸಲ ಕೇಳಿದಳು. ಹಾಜಿರಾಬೀ ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ಮಸ್ಕಿಯಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಹತ್ತು ವರ್ಷ ಅವಳಿಂದ ಬೈಸಿಕೊಂಡ ಡ್ರೈವರುಗಳು ಚಹಾದಂಗಡಿಯಲ್ಲಿ ಕೂತು, "ಇದಕ್ಕಿಂತ ಚೊಣ್ಣದ ಲಾಡಿ ಎಷ್ಟೋ ಪಾಡು" ಎಂದು ಅವಳಿಗೆ ಕೇಳುವಂತೆ ನಕ್ಕರು. ಅದನ್ನು ಅವಳು ತಡೆದುಕೊಂಡಳು. ಗಂಡ ಏನೂ ಅನ್ನದೆ ಊಟದ ತಾಟು ಮುಂದಿಟ್ಟದ್ದನ್ನು ತಡೆಯಲಾಗಲಿಲ್ಲ.

"ಬೈಯ್ರಿ ಒಂದೀಟು" ಎಂದಳು.

"ಬೈದ್ರ ಕೊಂಡಿ ಆಗತೈತೇನು?" ಎಂದ ಹಸನ್‌ಸಾಬ್. "ರಾಯಚೂರಿಗೆ ಹೋಗು. ನೋಡಿ ಬಾ."

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಹೊರಟಳು. ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟು ತೆಗೆದುಕೊಂಡು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಳಿದು, ದೂರದ ಹಳಿಯ ಮೇಲೆ ನಿಂತಿದ್ದ ಕಲ್ಲಿದ್ದಲ ಗಾಡಿಯ ಎರಡು ಡಬ್ಬಿಗಳ ಸಂದಿಗೆ ಹೋದಳು. ಹೋಗಿ ನೋಡಿದರೆ ಸರಪಳಿಯೇ ಇಲ್ಲ. ಎರಡು ಕಬ್ಬಿಣದ ಮುಷ್ಟಿಗಳು ಒಂದನ್ನೊಂದು ಹಿಡಿದಂತೆ ಬೇರೆ ಏನೋ ಇದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಕೆಳಗೆ ನೋಡುತ್ತಿರುವಾಗ ಹಿಂದಿನಿಂದ ರೈಲ್ವೆ ಪೊಲೀಸಿನವನ ಲಾಠಿ ಡಬ್ಬಿಗೆ ಬಡಿಯಿತು.

"ಏ ಯವ್ವಾ, ಸಾಯಾಕ ಬಂದೀಯೇನು? ಎದ್ದು ಬಾ ಈ ಕಡಿ!"

"ಸಾಯಾಕ ಬಂದಿದ್ರ ಓಡೋ ಗಾಡಿ ನೋಡ್ತಿದ್ದೆ, ನಿಂತ ಗಾಡಿ ಯಾಕ ಹುಡುಕಲಿ? ನಾ ಕೊಂಡಿ ನೋಡಾಕತ್ತೀನಿ."

ಪೊಲೀಸಿನವನ ನೌಕರಿಯಲ್ಲಿ ಇಂಥ ಜವಾಬು ಬಂದಿರಲಿಲ್ಲ. ಅವಳನ್ನು ಏನು ಮಾಡಬೇಕೆಂದು ತಿಳಿಯದೆ, ಗಾಡಿ ತಪಾಸಣೆ ಮಾಡುತ್ತಿದ್ದ ಫಿಟ್ಟರ್ ತಾಯಪ್ಪನನ್ನು ಕೂಗಿದ. ತಲೆ ನೆರೆತ ತಾಯಪ್ಪ ಬಂದು ನಿಂತು ಎಲ್ಲ ಕೇಳಿದ. ಸಿಂಧನೂರು, ಉದ್ಯಾನ, ಸರಪಳಿ, ಯಮನಮ್ಮನ ಬೆರಳು. ಹಾಜಿರಾಬೀ ಒಂದನ್ನೂ ಬಿಡದೆ ಹೇಳಿದಳು. ಅಪ್ಪನ ಹೆಸರನ್ನೂ ಹೇಳಿದಳು. ಅವನಿಗೆ ಹುಸೇನ್‌ಸಾಬ್ ಗೊತ್ತಿರಲಿಲ್ಲ. ತಾನು ಬರುವ ಮೊದಲಿನವರಿರಬೇಕು ಎಂದ.

"ಸರಪಳಿ ಹಾಕಿದ್ದು ಖರೆ. ಬಫರ್ ಹಾಕಿದ್ದೇನು?"

"ಬಫರ್?"

"ಹಳೇ ಡಬ್ಬಿಗೆ ಸರಪಳಿ ಆಜೂಬಾಜೂ ಎರಡು ದುಂಡನ್ನ ತಾಟು ಇರ್ತಿದ್ವಲ್ಲಮ್ಮ, ಒಳಗ ಸ್ಪ್ರಿಂಗ್ ಕೂತದ್ದು. ಸರಪಳಿ ಎಳೀತಿತ್ತು, ಆ ಎರಡು ತಾಟು ತಡೀತಿದ್ವು. ಅವು ಇಲ್ಲಂದ್ರ ಡಬ್ಬಿ ಗುದ್ದ್ಯಾಡದ ಏನು ಮಾಡ್ತಾವ?"

ಹಾಜಿರಾಬೀಗೆ ಆ ದುಂಡನೆಯ ತಾಟುಗಳು ಕಣ್ಣ ಮುಂದೆ ಬಂದವು. ಅಪ್ಪ ಬರುವ ತನಕ ಅವುಗಳಿಗೇ ಅವಳು ಬುತ್ತಿಯ ಗಂಟು ಸಿಕ್ಕಿಸಿಡುತ್ತಿದ್ದಳು. ಹತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ಅರ್ಧ ಕೊಂಡಿಯನ್ನಷ್ಟೇ ನೆನಪಿಟ್ಟುಕೊಂಡಿದ್ದಳು. ಬಿಳಿ ಬೂಟಿನವನಿಗೆ ಅಂದದ್ದೆಲ್ಲ ಈಗ ತನಗೇ ಅಂದುಕೊಂಡಳು, ಒಂದೆರಡು ಮಾತು ಹೆಚ್ಚಾಗಿಯೇ.

ತಾಯಪ್ಪ ಅವಳನ್ನು ಕಲ್ಲಿದ್ದಲ ಡಬ್ಬಿಯ ಹತ್ತಿರ ಕರೆದು ಹೊಸ ಕೊಂಡಿ ತೋರಿಸಿದ. ಇದಕ್ಕೆ ಪಕ್ಕದ ತಾಟುಗಳು ಬೇಕಿಲ್ಲ; ಎಳೆಯುವುದೂ ತಡೆಯುವುದೂ ಒಂದೇ ದಂಡ. ಆ ದಂಡದ ಬುಡ ಡಬ್ಬಿಯ ಹೊಟ್ಟೆಯೊಳಗೆ ಸಾಕಷ್ಟು ಹಿಂದೆ ಒಂದು ಗೂಟಕ್ಕೆ ಕೂತಿದೆ. ಮುಂದೆ ಅದು ಹೊರಗೆ ಬರುವ ಬಾಯಿ ದಂಡಕ್ಕಿಂತ ಅಗಲ. ತಿರುವಿನಲ್ಲಿ ದಂಡ ಆ ಬಾಯೊಳಗೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಬಾಯಿಯ ಅಂಚು ಇನ್ನು ಸಾಕೆಂದು ತಡೆಯುತ್ತದೆ. ಎರಡೂ ಅಂಚು ತಿಕ್ಕಿ ತಿಕ್ಕಿ ಬೆಳ್ಳಗೆ ಹೊಳೆಯುತ್ತಿದ್ದವು. ಹಾಜಿರಾಬೀ ಬೆರಳಿನಿಂದ ಮುಟ್ಟಿ ನೋಡಿದಳು, ಸೀರೆಯ ಅಂಚಿನಿಂದ ಅಳತೆ ಹಿಡಿದು ಗಂಟು ಹಾಕಿಕೊಂಡಳು.

"ಚಾ ಕುಡಿದು ಹೋಗಮ್ಮ" ಎಂದ ತಾಯಪ್ಪ. ಪೊಲೀಸಿನವನೂ ಜೊತೆಗೆ ಬಂದು ಕುಡಿದ, ದುಡ್ಡು ಅವಳೇ ಕೊಟ್ಟಳು.

ಬರುವಾಗ ಲಿಂಗಸುಗೂರಿನಲ್ಲಿ ಇಳಿದು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಮಕ್ಕಳ ಡಬ್ಬಿ ಹಗುರ. ದಂಡ ಒಂದು ಕಡೆ ಸರಿದದ್ದು ತಾನಾಗಿ ನಡುವಿಗೆ ಬರಲಿಕ್ಕಿಲ್ಲ, ಎರಡೂ ಬದಿಗೆ ಒತ್ತು ಬೇಕೆಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಹಳೆಯ ಮೋಟರ್‌ಸೈಕಲ್ಲುಗಳ ಸ್ಪ್ರಿಂಗು ಒಂದು ಚೀಲ ಸಿಕ್ಕಿತು.

ಗಂಡ ಹೆಂಡತಿ ಹನ್ನೊಂದು ದಿನ ಅದರ ಮೇಲೆ ಬಿದ್ದರು. ಅವಳು ಹೇಳಿದಳು, ಅವನು ಮಾಡಿದ. ಎರಡು ಸಲ ಅವನು ಹೇಳಿದ, ಅವಳು ಕೇಳಿದಳು. ಅಗಲ ಬಾಯಿಯನ್ನು ಬಾಣಲೆಯ ಅಂಚಿನಂತೆ ಬಾಗಿಸಿದರೆ ದಂಡ ಸಿಕ್ಕಿಕೊಳ್ಳುವುದಿಲ್ಲವೆಂದು ಹೇಳಿದ್ದು ಹಸನ್‌ಸಾಬನೇ.

ಪರೀಕ್ಷೆಯ ದಿನ ಡಬ್ಬಿಗಳಲ್ಲಿ ಕೂರಲು ಯಾರೂ ಮುಂದೆ ಬರಲಿಲ್ಲ. ಕೋಟಯ್ಯ ಫೋನು ಬಂದಿದೆಯೆಂದು ಮಿಲ್ಲಿಗೆ ಹೋದ. ಬಿಳಿ ಬೂಟಿನವನು ನೆರಳು ಹುಡುಕಿಕೊಂಡು ಜಿರಾಫೆಯ ಹಿಂದೆ ನಿಂತ. ಬಟ್ಟೆ ಸುತ್ತಿದ ಕಾಲು ಎಳೆಯುತ್ತ ಯಮನಮ್ಮ ಬಂದು ಕೊನೆಯ ಡಬ್ಬಿ ಹತ್ತಿದಳು.

"ಇಳಿ ಯಮನಮ್ಮಾ, ಮೊದಲ ಖಾಲಿ ಬಿಟ್ಟು ನೋಡೋಣು" ಎಂದಳು ಹಾಜಿರಾಬೀ.

"ಕೆಳಗ ನಿಂತ್ರೂ ಬೆರಳು ಹೋದ್ವು. ಕುಂತರ ಏನು ಹೋಗತೈತಿ? ನೀನೂ ಬಾ."

ಇಬ್ಬರೂ ಕೂತರು. ತಿರುವಿನಲ್ಲಿ ದಂಡ ಸರಿದ ಸದ್ದು ಕಾಲ ಕೆಳಗೆ ಕೇಳಿತು, ನೇರ ಹಳಿಗೆ ಬಂದಾಗ ಸ್ಪ್ರಿಂಗು ಅದನ್ನು ನಡುವಿಗೆ ತಳ್ಳಿತು. ಮೂರು ಸುತ್ತಾದ ಮೇಲೆ ಬ್ರೇಕು. ಎಲ್ಲ ಡಬ್ಬಿಗಳೂ ಒಟ್ಟಿಗೆ ನಿಂತವು. ಯಮನಮ್ಮ ಇಳಿದು, ನೀರಿನ ಕೊಡ ಎತ್ತಿಕೊಂಡು ಗುಲಾಬಿ ಮಡಿಯ ಕಡೆ ಹೋದಳು.

ಉದ್ಯಾನದ ಬಾಗಿಲಿಗೆ ಹಾಕಿದ ಕಲ್ಲಿನಲ್ಲಿ ರೈಲಿನ ವಿನ್ಯಾಸಕನೆಂದು ಬಿಳಿ ಬೂಟಿನವನ ಹೆಸರೇ ಬಂತು. "ಕಲ್ಲು ಓದಾಕ ಯಾರು ಬರ್ತಾರ? ಹುಡುಗ್ರು ಗಾಡಿಗೆ ಬರ್ತಾವ" ಎಂದು ಹಾಜಿರಾಬೀ ಅಂದಳಾದರೂ, ಎರಡು ದಿನ ಅಡುಗೆಗೆ ಉಪ್ಪು ಹೆಚ್ಚು ಬಿತ್ತು. ಯಮನಮ್ಮನ ಕಾಲು ವಾಸಿಯಾಗುವ ತನಕ ಕೂಲಿ ನಿಲ್ಲಿಸಕೂಡದೆಂದು ಕೋಟಯ್ಯನ ಮುಂದೆ ನಿಂತು ಒಪ್ಪಿಸಿದ್ದೂ ಅವಳೇ.

೧೯೯೬ರ ಬೇಸಿಗೆಯಲ್ಲಿ ಬಿಳಿ ಬೂಟಿನವನು ಮಸ್ಕಿಯ ಅಂಗಡಿಗೆ ಬಂದ. ಇನ್ನೊಂದು ಊರಿನಲ್ಲಿ ಇಂಥದ್ದೇ ಗಾಡಿ ಒಪ್ಪಿಕೊಂಡಿದ್ದ. ಈ ಸಲವೂ ಬಗಲಲ್ಲಿ ನಕ್ಷೆ. ಹಾಜಿರಾಬೀ ಬಿಡಿಸಿ ನೋಡಿದಳು. ಕೊಂಡಿಯ ಜಾಗದಲ್ಲಿ ಒಂದು ಚೌಕ ಗೀಚಿ, 'ಮಸ್ಕಿಯವರಂತೆ' ಎಂದಷ್ಟೇ ಬರೆದಿದ್ದ.

ಅವಳು ಅಂಗಳದಲ್ಲಿ ನಿಂತ ಟ್ರೇಲರಿನ ಕಡೆ ಕೈ ತೋರಿಸಿದಳು. ಕಾಲುವೆ ದಂಡೆಯ ಬಿಗಿ ತಿರುವುಗಳಿಗೆಂದು ಈಗ ಟ್ರೇಲರುಗಳಿಗೂ ಅದೇ ಕೊಂಡಿ ಹಾಕುತ್ತಿದ್ದರು.

"ಕೆಳಗ ಮಲಗಿ ನೋಡ್ರಿ ಸಾಹೇಬ್ರ. ನಿಂತು ನೋಡಿದ್ರ ಇದು ತಿಳಿಯೂದಿಲ್ಲ. ನಾನೂ ಸಣ್ಣಾಕಿದ್ದಾಗ ಹತ್ತು ವರ್ಷ ನಿಂತೇ ನೋಡಿದ್ದೆ."

ಅವನು ಸುತ್ತ ನೋಡಿದ. ನೆಲದ ಮೇಲೆ ಕಪ್ಪು ಎಣ್ಣೆ ಹರಡಿತ್ತು. ಹಸನ್‌ಸಾಬ್ ಒಳಗಿನಿಂದ ಒಂದು ಹಳೆಯ ಗೋಣಿಚೀಲ ತಂದು ಹಾಸಿಕೊಟ್ಟ. ಇಂಜಿನಿಯರು ಬೂಟು ಬಿಚ್ಚಿಟ್ಟು, ಪೆನ್ನು ಬಾಯಲ್ಲಿ ಕಚ್ಚಿ, ಟ್ರೇಲರಿನ ಕೆಳಗೆ ತೆವಳಿದ.