ಹುತುತು ಬಿಡಿಸಿದ ಸರ್

ಅವರ ಎಡಗಿವಿ ಮುದುಡಿಹೋಗಿತ್ತು. ಹರೆಯದಲ್ಲಿ ಕುಸ್ತಿ ಹಿಡಿಯುವಾಗ ಜಜ್ಜಿದ ಕಿವಿ. ಬೇಡದ ಮಾತು ಬಂದಾಗಲೆಲ್ಲ ಅದನ್ನೇ ಮುಂದೆ ಮಾಡಿ, ಕೇಳಿಸಲಿಲ್ಲವೆಂಬಂತೆ ಕೂತುಬಿಡುತ್ತಿದ್ದರು.

ರಾಯಬಾಗದ ಕಡೆಯ ನಮ್ಮ ಸಣ್ಣ ಕಾಲೇಜಿನಲ್ಲಿ ಅವರು ಆಟದ ಸರ್. ಎಂಬತ್ತರ ದಶಕದಲ್ಲಿ ನಾವು ಹುಡುಗಿಯರು ಅವರ ಕೈಕೆಳಗೆ ಕಬಡ್ಡಿ ಆಡುತ್ತಿದ್ದೆವು. ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ಕಾಲೇಜುಗಳೊಂದಿಗೆ ನಮ್ಮದು ಒಂದೇ ವಲಯ. ಗೆದ್ದವರ ಕಪ್ ಹೆಚ್ಚಾಗಿ ನಮಗೇ. ಗಡಿಯ ನಮ್ಮ ಊರುಗಳಲ್ಲಿ ಮರಾಠಿಯವರಂತೆ ಕಬಡ್ಡಿಗೆ ಹುತುತು ಎನ್ನುತ್ತೇವೆ. ಉಸಿರು ಹಿಡಿದು ಎದುರಿನವರ ಅಂಗಳಕ್ಕೆ ನುಗ್ಗುವಾಗಲೂ ಬಾಯಲ್ಲಿ ಅದೇ. ಅಂಪೈರುಗಳೂ ನಮ್ಮ ಕಡೆಯವರೇ ಆದ್ದರಿಂದ ಯಾರೂ ತಕರಾರು ತೆಗೆದಿರಲಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ವಲಯಗಳು ಬದಲಾಗಿ, ನಮ್ಮನ್ನು ಧಾರವಾಡದ ದೊಡ್ಡ ಕಾಲೇಜುಗಳ ಜೊತೆ ಸೇರಿಸಿದರು. ಮೊದಲ ಪಂದ್ಯದಲ್ಲೇ ಇಬ್ಬರನ್ನು ಮುಟ್ಟಿ ಕುಣಿಯುತ್ತ ಬಂದೆ. ಅಂಪೈರ್ ಸೀಟಿ ಊದಿದರು. ನಿಯಮದ ಪ್ರಕಾರ ‘ಕಬಡ್ಡಿ’ ಎನ್ನಬೇಕಿತ್ತು. ನಾನು ಹುತುತು ಎಂದಿದ್ದೆ. ಅಂಕ ಎದುರಿನವರಿಗೆ ಹೋಯಿತು, ಪಂದ್ಯವೂ ಹೋಯಿತು.

ಹುಡುಗಿಯರ ತಂಡ ಇನ್ನು ಸಾಕು ಎಂದರು ಪ್ರಿನ್ಸಿಪಾಲರು. ಹಳೆಯ ವಲಯಕ್ಕೇ ಹಾಕಿರೆಂದು ಅರ್ಜಿ ಬರೆಯೋಣ ಎಂದ ಉಳಿದ ಅಧ್ಯಾಪಕರಿಗೆ ಸರ್ ಎಡಗಿವಿ ತೋರಿಸಿದರು. ಪ್ರಿನ್ಸಿಪಾಲರಿಗೆ ಮಾತ್ರ, “ಒಂದ ವರ್ಷ ಕೊಡ್ರಿ ಸಾಹೇಬ್ರ. ಮೊದಲನೇ ಮ್ಯಾಚ್ ಸೋತ್ರ ತಂಡ ನಾನ ಮುಚ್ಚತೀನಿ,” ಎಂದರು.

ವರ್ಷವಿಡೀ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಮೈದಾನ ಸುತ್ತಿದೆವು. ಆದರೆ ಸರ್ ಕೂಡ ಹುತುತು ಆಡಿಯೇ ಬೆಳೆದವರಲ್ಲವೇ? ಹುರುಪು ಏರಿದರೆ ಅವರ ಬಾಯಿಂದಲೇ “ಹುತುತು, ಒಳಗ ನುಗ್ಗ ಬೇ!” ಎಂದು ಬಂದುಬಿಡುತ್ತಿತ್ತು. ನಾವು ಕಿಸಕ್ಕೆಂದರೆ, “ನಗತೀರೇನ? ನನಗ ವಯಸ್ಸಾಗೇತಿ, ನಿಮಗೇನ ಧಾಡಿ?” ಎಂದು ಇನ್ನೆರಡು ಸುತ್ತು ಓಡಿಸುತ್ತಿದ್ದರು.

ಮರುವರ್ಷದ ಮೊದಲ ಪಂದ್ಯ. ಅಂಕ ಸಮ, ಕೊನೆಯ ಸರದಿ ನನ್ನದು. ಗೆರೆ ದಾಟುವ ಮುನ್ನ ತಿರುಗಿ ನೋಡಿದೆ. ತಮ್ಮ ಕೂಗು ನನ್ನ ನಾಲಿಗೆ ತಪ್ಪಿಸೀತೆಂದು ಸರ್ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಅಂಥ ಹೊತ್ತಿನಲ್ಲೂ ನನಗೆ ಅವರ ಮೇಲೆ ಅಕ್ಕರೆ ಉಕ್ಕಿತು. ಕಬಡ್ಡಿ ಎನ್ನುತ್ತಲೇ ಒಬ್ಬಳನ್ನು ಮುಟ್ಟಿ ಬಂದೆ. ಗೆದ್ದೆವು.

ಎರಡನೇ ಪಂದ್ಯದಲ್ಲಿ ಹೀನಾಯವಾಗಿ ಸೋತೆವು. ಅದು ನನ್ನ ಕೊನೆಯ ವರ್ಷ. ಬಸ್ಸಿನಲ್ಲಿ ಅಳುತ್ತ ಕೂತಿದ್ದೆ.

“ನಾಳಿ ಮುಂಜಾನೆ ಆರಕ್ಕ ಮೈದಾನಕ್ಕ ಬಾ ತಂಗಿ,” ಎಂದರು ಸರ್.

“ನಂದ ಮುಗೀತಲ್ರಿ ಸರ.”

“ನಿಂದ ಮುಗದೈತಿ. ತಂಡದ್ದ ಮುಗದಿಲ್ಲ.”

ಹೋದೆ. ಹೊಸ ಹುಡುಗಿಯರು ಒಂಬತ್ತು ಮಂದಿ ಸಾಲಾಗಿ ನಿಂತಿದ್ದರು. “ಇವರಿಗೆ ನೀ ಕಲಿಸು,” ಎಂದು ಸರ್ ಪಕ್ಕಕ್ಕೆ ಸರಿದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಲಿಸುವುದೇ ನನ್ನ ಅನ್ನವಾಯಿತು. ಅಂದು ಅವರು ನನ್ನನ್ನು ಕರೆದು ಹಾಗೆ ಪಕ್ಕಕ್ಕೆ ಸರಿಯದಿದ್ದರೆ, ಸೋತ ಮರುದಿನ ಮೈದಾನಕ್ಕೆ ಹೋಗಬೇಕೆಂಬುದು ನನಗೆ ಗೊತ್ತೇ ಆಗುತ್ತಿರಲಿಲ್ಲ.